ಪಟ್ಟಣದ ಅಂಚಿನ ಬಯಲು ಭೂಮಿಯ ರಕ್ಷಣೆ

ಪಟ್ಟಣವು ಬೆಳೆದಂತೆಲ್ಲ ಅದರ ಸುತ್ತಲಿನ ಹೊಲಗಳಿಗೂ ಹುಲ್ಲುಗಾವಲುಗಳಿಗೂ ಬೆಲೆಯು ಏರುವುದು. ಈ ಬೆಲೆಯು ಬೆಳೆಯಿಂದ ಬಂದುದಲ್ಲ. ಮನೆ ಕಟ್ಟಲು ನಿವೇಶನವನ್ನು ಬಯಸುವವರಿಂದ ಬಂದುದು. ತಂದೆಯು ಗತಿಸಿದ ಮೇಲೆ ಮಕ್ಕಳಲ್ಲೊಬ್ಬನು ಸಾಗುವಳಿಯನ್ನು ಮುಂದುವರಿಸಲು ಇಚ್ಛಿಸಿದರೂ, ಉಳಿದವರ ಪಾಲಿಗೆ ಹಣ ಕೊಡಲಾರದೆ ಜಮೀನನ್ನು ಮಾರಬೇಕಾಗುವುದು. ಒಮ್ಮೆ ಮನೆಗಳೆದ್ದ ನೆಲವು ಮತ್ತೆ ಹೊಲವಾಗುವುದು ಅಪೂರ್ವ. ಈ ತೊಡಕಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಕಂಡುಕೊಂಡಿರುವ ಪರಿಹಾರವು ವಿಚಾರಾರ್ಹವಾಗಿದೆ.

ಟ್ರಸ್ಟುಗಳ ಉದಯ

ಬಾಸ್ಟನ್ನಿನ ಉದ್ಯಾನಶಿಲ್ಪಿ ಚಾರ್ಲ್ಸ್ ಎಲಿಯಟ್ ಎಂಬುವರು, ಗ್ರಂಥಾಲಯವು ಗ್ರಂಥಗಳನ್ನು ಕಾಪಾಡುವಂತೆ ರಮಣೀಯವಾದ ಭೂಭಾಗಗಳನ್ನು ಜನರಿಗಾಗಿ ಕಾಪಾಡುವ ಸಂಸ್ಥೆಯೊಂದು ಅವಶ್ಯಕವೆಂದು ಪ್ರತಿಪಾದಿಸಿದರು. ಇದರ ಫಲವಾಗಿ 1891ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಕಾಯಿದೆಯ ಮೂಲಕ ಇಂತಹ ಟ್ರಸ್ಟೊಂದು ಸ್ಥಾಪಿತವಾಯಿತು. ಅದು ಭೂಮಿಯನ್ನು ಪಡೆದು ತಾನೇ ಒಡೆತನವನ್ನು ವಹಿಸುತ್ತಿತ್ತು. ಆದರೆ ಜಮೀನನ್ನೇ ನಂಬಿ ಬಾಳುವ ರೈತನು ಅದನ್ನು ಬಿಟ್ಟುಕೊಡಲಾರನಷ್ಟೆ. ಅವನಿಗೆ ಬೇರೆ ಉಪಾಯವು ಬೇಕಾಯಿತು.

ಕಟ್ಟುವ ಹಕ್ಕಿನ ಬೇರ್ಪಡೆ

ಭೂಮಿಯ ಒಡೆತನವೆಂಬುದು ಉಳುವ, ಮೇಯಿಸುವ, ಮಾರುವ, ಕಟ್ಟುವ ಮುಂತಾದ ಅನೇಕ ಹಕ್ಕುಗಳ ಸಮೂಹ. ಇವುಗಳಲ್ಲಿ ಬಡಾವಣೆ ಮಾಡಿ ಮನೆ ಕಟ್ಟುವ ಹಕ್ಕೊಂದನ್ನು ಮಾತ್ರ ಮಾಲಿಕನು ಕರಾರಿನ ಮೂಲಕ ಟ್ರಸ್ಟಿಗೆ ಒಪ್ಪಿಸುವನು. ಟ್ರಸ್ಟು ಅದನ್ನು ಎಂದಿಗೂ ಉಪಯೋಗಿಸದೆ ಕಾದಿರಿಸುವುದು. ಉಳಿದ ಹಕ್ಕುಗಳೆಲ್ಲವೂ ಮಾಲಿಕನವೇ. ಅವನು ಜಮೀನನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ನೋಂದಣಿಯಾದ ಕರಾರು ಮುಂದಿನ ಒಡೆಯರೆಲ್ಲರನ್ನೂ ಬಂಧಿಸುವುದು. ವಾಸದ ಮನೆಗೂ ಕೊಟ್ಟಿಗೆಗೂ ಬೇಕಾದ ಸ್ಥಳವನ್ನು ಮೊದಲೇ ಗುರುತಿಸಿ ಬಿಡುವುದುಂಟು.

ಬೆಲೆಯನ್ನು ಕಟ್ಟುವ ಕ್ರಮವು ಸರಳ. ನಿವೇಶನಗಳಾಗಿ ಮಾರಿದರೆ 10 ಲಕ್ಷ ಡಾಲರು ಬೆಲೆಬಾಳುವ ಜಮೀನು ಕರಾರಿನ ತರುವಾಯ 6 ಲಕ್ಷ ಬಾಳುವುದೆಂದು ಭಾವಿಸಿದರೆ, ವ್ಯತ್ಯಾಸವಾದ 4 ಲಕ್ಷವೇ ಆ ಹಕ್ಕಿನ ಬೆಲೆ. ಅದನ್ನು ಟ್ರಸ್ಟು ಕ್ರಯಕ್ಕೆ ಕೊಳ್ಳಬಹುದು. ಮಾಲಿಕನು ದಾನಮಾಡಿದರೆ, ಕಾಯಿದೆಯ ನಿಬಂಧನೆಗಳಿಗೊಳಪಟ್ಟು, ವರಮಾನ ತೆರಿಗೆಯಲ್ಲಿ ರಿಯಾಯಿತಿ ದೊರೆಯುವುದು.

ಮ್ಯಾರಿನ್ ಪ್ರಾಂತದ ನಿದರ್ಶನ

ಸ್ಯಾನ್‌ಫ್ರಾನ್ಸಿಸ್ಕೊ ನಗರದ ಉತ್ತರಕ್ಕಿರುವ ಮ್ಯಾರಿನ್ ಪ್ರಾಂತದ ಪಶ್ಚಿಮಭಾಗದ ಗುಡ್ಡಗಳು ಹಾಲಿನ ಹಸುಗಳಿಗೆ ಪ್ರಸಿದ್ಧವಾದುವು. ನಗರವು ಅತ್ತ ಹಬ್ಬುವ ಸೂಚನೆ ಕಂಡು, 1970ರ ದಶಕದ ಆದಿಯಲ್ಲಿ 60 ಎಕರೆಗೆ ಒಂದೇ ಮನೆಯೆಂಬ ನಿಯಮವನ್ನು ಅಲ್ಲಿಯ ಆಡಳಿತವು ವಿಧಿಸಿತು. ಆದರೆ ಒಂದು ಆಡಳಿತವು ಮಾಡಿದ ನಿಯಮವನ್ನು ಮತ್ತೊಂದು ಅಳಿಸಬಲ್ಲದು. ಆದಕಾರಣ 1980ರಲ್ಲಿ, ಹೈನುಗಾರಿಕೆಯ ಎಲೆನ್ ಸ್ಟ್ರಾಸ್ ಮತ್ತು ಜೀವಶಾಸ್ತ್ರಜ್ಞೆ ಫಿಲಿಸ್ ಫೇಬರ್ ಎಂಬ ಮಹಿಳೆಯರಿಬ್ಬರು ವ್ಯವಸಾಯದ ಭೂಮಿಯ ರಕ್ಷಣೆಗೆಂದೇ ಟ್ರಸ್ಟೊಂದನ್ನು ಸ್ಥಾಪಿಸಿದರು. ಆ ದೇಶದಲ್ಲಿ ಈ ಬಗೆಯ ಟ್ರಸ್ಟುಗಳಲ್ಲಿ ಇದೇ ಮೊದಲನೆಯದು. ಹಕ್ಕಿಗೆ ಬದಲಾಗಿ ಬಂದ ಹಣದಿಂದ ರೈತರು ಸಾಲವನ್ನು ತೀರಿಸಲೂ, ಒಡಹುಟ್ಟಿದವರ ಪಾಲನ್ನು ಕೊಳ್ಳಲೂ, ಕೊಟ್ಟಿಗೆಗಳನ್ನು ದುರಸ್ತಿಮಾಡಲೂ ಅನುಕೂಲವಾಯಿತು.

ಎಚ್ಚರಿಕೆಯ ಮಾತು

ಈ ಕರಾರು ಸಾಮಾನ್ಯವಾಗಿ ಶಾಶ್ವತವಾದುದು. ಆದ್ದರಿಂದ ಕುಟುಂಬದವರೆಲ್ಲರೂ ಕೂಡಿ ಆಲೋಚಿಸಿ, ನ್ಯಾಯವಾದಿಗಳ ಸಲಹೆ ಪಡೆದು ಸಹಿಹಾಕತಕ್ಕದ್ದು. ಟ್ರಸ್ಟಿನ ಹೊಣೆಯೂ ಲಘುವಲ್ಲ. ಅದು ಭೂಮಿಯ ಸ್ಥಿತಿಯನ್ನು ಮೊದಲೇ ಬರೆದಿಟ್ಟು, ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ, ಕರಾರು ಮುರಿದವರ ಮೇಲೆ ವ್ಯಾಜ್ಯ ಹೂಡಲು ನಿಧಿಯನ್ನು ಸಿದ್ಧವಾಗಿಟ್ಟಿರಬೇಕು. ಕಾವಲಿಲ್ಲದ ಬೇಲಿಯಂತೆ, ನೋಡುವವರಿಲ್ಲದ ಕರಾರೂ ನಿಷ್ಫಲವೇ. ಅಲ್ಲದೆ, ಬಯಲು ಉಳಿದ ಮಾತ್ರಕ್ಕೆ ಬೇಸಾಯವು ಉಳಿಯದು. ಹಾಲಿಗೂ ಧಾನ್ಯಕ್ಕೂ ತಕ್ಕ ಬೆಲೆ ದೊರೆತರೆ ಮಾತ್ರ ಉಳುವವನು ನೆಲದ ಮೇಲೆ ನಿಲ್ಲುವನು. ಕರಾರು ನೆಲವನ್ನು ಕಾಯಬಲ್ಲದು. ರೈತನನ್ನು ಕಾಯುವ ಕೆಲಸವು ಬೇರೆಯಾಗಿಯೇ ನಡೆಯಬೇಕು.