ಡಿಪಿಎಫ್ ತೆಗೆಸುವ ಮುನ್ನ

ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಗೋವಿನಜೋಳ ಸಾಗಿಸುವ ನಮ್ಮ ವರ್ತಕರಲ್ಲಿ ಅನೇಕರು ಈಗ ಬಿಎಸ್-6 ಡೀಸೆಲ್ ವಾಹನಗಳನ್ನು ಹೊಂದಿದ್ದಾರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಮಾನಕದ ಬಹುಪಾಲು ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿದೊಡನೆ, ತೆಗೆಸಿಬಿಡಿ ಎಂಬ ಸಲಹೆ ಪುಕ್ಕಟೆಯಾಗಿ ದೊರೆಯುತ್ತದೆ.

ಹಿಡಿದ ಮಸಿಯನ್ನು ವಾಹನವೇ ಆಗಾಗ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಂಗಡಿಯಿಂದ ಗೋದಾಮಿಗೆ ನಿಂತು ನಿಂತು ಓಡುವ ಗಾಡಿಯಲ್ಲಿ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ದೀಪ ಹೊತ್ತಿದ ಆರಂಭದಲ್ಲಿಯೇ ಶಿಗ್ಗಾವಿಯ ಬಳಿ ಹೆದ್ದಾರಿ ಹಿಡಿದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಅದು ಆರುತ್ತದೆ. (ನಿತ್ಯ ಹುಬ್ಬಳ್ಳಿಗೆ ಹೋಗುವ ಗಾಡಿಗಳಿಗೆ ಈ ಕಾಟ ಕಡಿಮೆ.) ಸುಟ್ಟ ನಂತರ ಉಳಿಯುವ ಬೂದಿಯನ್ನು ಮಾತ್ರ ವರ್ಕ್‌ಶಾಪಿನಲ್ಲಿ ತೆಗೆಸಬೇಕು. ಕಂಪನಿ ಸೂಚಿಸಿದ ಕಡಿಮೆ ಬೂದಿಯ ಎಂಜಿನ್ ಆಯಿಲನ್ನೇ ಹಾಕಿಸಿದರೆ ಆ ಖರ್ಚು ಬೇಗ ಬಾರದು.

ಶೋಧಕವನ್ನು ಕಿತ್ತರೆ ಎಂಜಿನ್ನಿನ ಕಂಪ್ಯೂಟರನ್ನೂ ತಿದ್ದಬೇಕಾಗುತ್ತದೆ. ವಾರಂಟಿಯ ಮೇಲಿನ ಹಕ್ಕಿಗೂ ಧಕ್ಕೆ ಬರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ, ಅನುಮತಿಯಿಲ್ಲದ ಇಂತಹ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೆ ಎರಡೂ ಆಗಬಹುದು. ಕಿತ್ತ ಮೆಕ್ಯಾನಿಕ್ ಆ ದಿನ ಜೊತೆಗಿರುವುದಿಲ್ಲ.