ಹಿಮದ ನಾಡಿನಲ್ಲಿ ಕಾರಿನ ಟಯರು

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟಯರು ಕಡ್ಡಾಯ. 2008ರಲ್ಲಿ ಮೊದಲು ಜಾರಿಗೆ ಬಂದ ಈ ಕಟ್ಟಳೆ ಮುಂಬಯಿಯ ನಮಗೆ ವಿಚಿತ್ರವೆನಿಸೀತು. ಮಳೆಗಾಲಕ್ಕೆ ಕೊಡೆ ಕೊಳ್ಳುವ ನಾವು ಋತುವಿಗೊಂದು ಟಯರನ್ನು ಕಂಡವರಲ್ಲ. ಕಾರಣವಿಷ್ಟೆ: ಉಷ್ಣತೆ ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬೇಸಗೆಯ ಟಯರಿನ ರಬ್ಬರು, ಅದು ಎಷ್ಟೇ ಹೊಸದಾಗಿರಲಿ, ಬಿರುಸಾಗಿ ನೆಲದ ಹಿಡಿತ ಬಿಡತೊಡಗುತ್ತದೆ. ಚಳಿಯಲ್ಲಿಯೂ ಮೆದುವಾಗಿರುವ ರಬ್ಬರೇ ಅಲ್ಲಿ ಬೇಕು. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು — ಇದೇ ಅದರ ಗುರುತು. ಮುಂದಿನ ಚಕ್ರಗಳಿಗೆ ಮಾತ್ರ ಎರಡು ಕೊಂಡು ಹಣ ಉಳಿಸುವುದು ಪ್ರಾಣಕ್ಕೆ ಎರವಾಗುವ ಮಿತವ್ಯಯವೆಂದೇ ನಮ್ಮ ಅಭಿಪ್ರಾಯ. ತಿರುವಿನಲ್ಲಿ ಮುಂಭಾಗ ನೆಲ ಹಿಡಿದರೂ ಹಿಂಭಾಗ ಜಾರಿ ಕಾರು ಬುಗುರಿಯಂತೆ ತಿರುಗೀತು. ನಾಲ್ಕನ್ನೂ ಒಮ್ಮೆಗೇ ಹಾಕಿಸತಕ್ಕದ್ದು. ಕೊಳ್ಳುವ ಮುನ್ನ ಡಿ.ಒ.ಟಿ. ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳನ್ನೂ ನೋಡಬೇಕು: 3524 ಎಂದಿದ್ದರೆ ಅದು 2024ರ 35ನೆಯ ವಾರದಲ್ಲಿ ತಯಾರಾದುದು.