ಗುಮಾಸ್ತನ ಕೈಯಲ್ಲಿ ಯಜಮಾನನ ಬೀಗದಕೈ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಪಹಣಿ ಈಗ ಪ್ರಿಂಟರಿನಿಂದಲೇ ಹೊರಬರುತ್ತದೆ. ಆ ಯಂತ್ರದ ಹಿಂದೆ ಕಣ್ಣಿಗೆ ಕಾಣದೆ ದುಡಿಯುವ ಆಳೊಂದಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದರ ಹೆಸರು ಪ್ರಿಂಟ್ ಸ್ಪೂಲರ್. ಮುದ್ರಣಕ್ಕೆ ಬಂದ ಕಾಗದಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಕಳಿಸುವುದಷ್ಟೇ ಅದರ ಕೆಲಸ. 2021ರಲ್ಲಿ ಜಗತ್ತಿನ ಕಂಪ್ಯೂಟರ್ ತಜ್ಞರ ನಿದ್ದೆಗೆಡಿಸಿದ್ದು ಇದೇ ಆಳು.

ಕೊಬ್ಬರಿ ಮಂಡಿಯೊಂದನ್ನು ನೆನೆಸಿಕೊಳ್ಳಿ. ಹೊಸದಾಗಿ ಸೇರಿದ ಹುಡುಗನಿಗೆ ತಿಜೋರಿ ಮುಟ್ಟುವ ಅಧಿಕಾರವಿಲ್ಲ. ಗುಮಾಸ್ತನ ಬಳಿ ಮಾತ್ರ ಯಜಮಾನರ ಬೀಗದಕೈ ಇದೆ. ಹುಡುಗ ಚೀಟಿ ತಂದುಕೊಟ್ಟರೆ, ಕೊಡಲು ಅನುಮತಿ ಉಂಟೇ ಎಂದು ಗುಮಾಸ್ತ ವಿಚಾರಿಸಬೇಕು. ವಿಚಾರಿಸದೆ ತಿಜೋರಿ ತೆರೆದರೆ ಬೀಗ ಎಷ್ಟು ಗಟ್ಟಿಯಾಗಿದ್ದರೇನು?

ಸ್ಪೂಲರ್ ಅಂಥ ಗುಮಾಸ್ತ. ಕಂಪ್ಯೂಟರಿನಲ್ಲಿ ಅತಿ ಹೆಚ್ಚಿನದಾದ ‘ಸಿಸ್ಟಂ’ ಅಧಿಕಾರದಲ್ಲಿ ಅದು ನಡೆಯುತ್ತದೆ. ಹೊಸ ಪ್ರಿಂಟರಿಗೆ ಬೇಕಾದ ಡ್ರೈವರ್ ಕಡತವನ್ನು ಕೊಟ್ಟರೆ, ಅದನ್ನು ತನ್ನದೇ ಅಧಿಕಾರದಲ್ಲಿ ಚಾಲನೆ ಮಾಡುತ್ತದೆ. ಕೊಟ್ಟವನಿಗೆ ಆ ಹಕ್ಕಿದೆಯೇ ಎಂಬ ತಪಾಸಣೆಯೂ ಇತ್ತು. ಆದರೆ ಕೋರಿಕೆಯಲ್ಲಿ ಒಂದು ಗುರುತು ಇದ್ದರೆ ತಪಾಸಣೆ ತಪ್ಪಿಹೋಗುತ್ತಿತ್ತು. ಆ ಗುರುತು ಹಾಕುತ್ತಿದ್ದವನು ಕೋರಿಕೆ ಸಲ್ಲಿಸಿದವನೇ! ಹೀಗೆ ಸಾಮಾನ್ಯ ಬಳಕೆದಾರ ಡ್ರೈವರ್ ಹೆಸರಿನಲ್ಲಿ ತನಗೆ ಬೇಕಾದ ಕಡತ ಕೊಟ್ಟು ಇಡೀ ಯಂತ್ರದ ಒಡೆಯನಾಗಬಹುದಿತ್ತು.

ಜೂನ್ 8ರಂದು ಮೈಕ್ರೋಸಾಫ್ಟ್ ತೇಪೆ ಹಾಕಿದಾಗ ಇದು ಯಂತ್ರದ ಒಳಗೆ ಈಗಾಗಲೇ ಇರುವವನಷ್ಟೇ ಬಳಸಬಲ್ಲ ದೋಷ ಎಂದಿತ್ತು. ಎರಡೇ ವಾರದಲ್ಲಿ ಮಾತು ಬದಲಾಯಿತು. ಜಾಲದ ಮೂಲಕ ದೂರದಿಂದಲೂ ಸಾಧ್ಯ ಎಂದಿತು. ತಿಂಗಳ ಕೊನೆಗೆ ಅದನ್ನು ಮಾಡಿ ತೋರಿಸುವ ಸಂಕೇತವೇ ಬಹಿರಂಗವಾಯಿತು. ಹಾಕಿದ್ದ ತೇಪೆ ಸಾಲದೆಂಬುದು ಆಗ ತಿಳಿಯಿತು. ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ಬಿದ್ದದ್ದು ಆಗಲೇ. ಜುಲೈ 6ರಂದು ತುರ್ತು ತೇಪೆ ಹೊರಟಿತು. 2020ರ ಜನವರಿಯಲ್ಲೇ ನಿವೃತ್ತಿಯಾಗಿದ್ದ ವಿಂಡೋಸ್ 7ಕ್ಕೂ ಅದು ದೊರೆಯಿತು ಎಂದರೆ ಗಾಬರಿ ಎಷ್ಟಿತ್ತೆಂದು ಊಹಿಸಬಹುದು.

ಸ್ಪೂಲರಿಗೆ ಇದು ಮೊದಲ ಅಪಕೀರ್ತಿಯೂ ಅಲ್ಲ. ಇರಾನಿನ ಅಣು ಸ್ಥಾವರಕ್ಕೆ ನುಗ್ಗಿ 2010ರಲ್ಲಿ ಬಯಲಾದ ‘ಸ್ಟಕ್ಸ್‌ನೆಟ್’ ಹರಡಲು ಬಳಸಿದ ದಾರಿಗಳಲ್ಲಿ ಸ್ಪೂಲರಿನ ಇನ್ನೊಂದು ದೋಷವೂ ಸೇರಿತ್ತು.

‘ಒಳಗಿನವನು’ ಎಂದರೆ ನೌಕರನೇ ಎಂದು ತಿಳಿಯಬೇಕಿಲ್ಲ. ಯಾರದೋ ಪಾಸ್‌ವರ್ಡ್ ಕದ್ದವನೂ ಒಳಗಿನವನೇ. ಸಣ್ಣ ಊರಿನ ಅಂಗಡಿಗಳ ಮಾತು ಬೇರೆ: ಬಂದವರೆಲ್ಲ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಕೂರುವ ಕಡೆ ಕಳ್ಳನಿಗೆ ಏಣಿಯೇ ಬೇಕಿಲ್ಲ. ಪ್ರಿಂಟರೇ ಇಲ್ಲದ ಕಂಪ್ಯೂಟರಿನಲ್ಲೂ ಸ್ಪೂಲರ್ ತಾನಾಗಿ ನಡೆಯುತ್ತಿರುತ್ತದೆ. ಅಂಥಲ್ಲಿ ಅದನ್ನು ನಿಲ್ಲಿಸಿಡುವಂತೆ ತಜ್ಞರು ಆಗ ಸಲಹೆ ಮಾಡಿದ್ದರು. 2021ರ ಆಗಸ್ಟ್‌ನಿಂದೀಚೆಗೆ ಕಚೇರಿ ಜಾಲದ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ವಿಂಡೋಸ್ ಅಡ್ಮಿನಿಸ್ಟ್ರೇಟರನ ಅನುಮತಿ ಕೇಳುವುದು ಇದೇ ಕಾರಣಕ್ಕೆ.